ಬಾಂಬ್ ಬಿದ್ದ ಜಾಗದಲ್ಲಿ ಪಿಟಿ ಪೀರಿಯಡ್

1/7

ಮೊದಲು ಒಂದು ತಪ್ಪೊಪ್ಪಿಗೆ.

ಹತ್ತನೇ ಕ್ಲಾಸಿನಲ್ಲಿ ನಾನು ಕ್ಲಾಸ್ ಲೀಡರ್ ಆಗಿದ್ದೆ, ನೆನಪಿದೆ ತಾನೆ? ಡಿಸೆಂಬರ್ ಬಂದಿತ್ತು, ಗಣಿತದ ಪೋರ್ಷನ್ ಇನ್ನೂ ಬಾಕಿ. ಸ್ಟಾಫ್ ರೂಮಿಗೆ ಹೋಗಿ "ಸರ್, ಗುರುವಾರ ಕೊನೇ ಪೀರಿಯಡ್ ಖಾಲಿ ಇದೆ, ಬರ್ತೀರಾ?" ಅಂತ ಕೇಳಿದವಳು ನಾನೇ. ಅದು ಖಾಲಿ ಇರಲಿಲ್ಲ. ಟೈಮ್‌ಟೇಬಲ್ ಚಾರ್ಟಿನ ಆ ಚೌಕದಲ್ಲಿ "ದೈಹಿಕ ಶಿಕ್ಷಣ" ಅಂತ ಹಸಿರು ಸ್ಕೆಚ್ ಪೆನ್ನಿನಲ್ಲಿ ಬರೆದಿತ್ತು. ಬರೆದವಳೂ ನಾನೇ.

ಹಿಂದಿನ ಬೆಂಚಿನವರು ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ರು. ಇವರಿಗೆ ಸೀರಿಯಸ್‌ನೆಸ್ಸೇ ಇಲ್ಲ ಅಂತ ನಾನು ಮನೆಯಲ್ಲಿ ಅಮ್ಮನ ಹತ್ತಿರ ದೂರು ಹೇಳಿದ್ದೆ. ನಾಲ್ಕು ವರ್ಷ ಆದಮೇಲೆ ಬರೀತಿದ್ದೀನಿ, ಓದಿ: ಕಣ್ರೋ, ನೀವೇ ಸರಿ ಇದ್ರಿ.

ಈಗ ಯಾಕೆ ಈ ಮಾತು ಅಂದ್ರೆ, ನನ್ನ ತಮ್ಮ ಅದೇ ಸ್ಕೂಲಲ್ಲಿ ಒಂಬತ್ತನೇ ಕ್ಲಾಸು. ಅವರ ಪಿಟಿ ಪೀರಿಯಡ್ ಈ ವರ್ಷ ಜೂನ್‌ನಿಂದಲೇ ವಿಜ್ಞಾನಕ್ಕೆ ಹೋಗಿದೆ. ಡಿಸೆಂಬರ್‌ವರೆಗೂ ಕಾಯಲಿಲ್ಲ. "ಯಾರೂ ಏನೂ ಕೇಳಲಿಲ್ವಾ?" ಅಂದೆ. "ಲೀಡರೇ ಹೋಗಿ ಕರ್ಕೊಂಡು ಬಂದ ಅಕ್ಕ" ಅಂದ. ಊಟ ಸೇರಲಿಲ್ಲ.

ಈ ಪೇಜಿನಲ್ಲಿ ನಾವು ಹಳೇ ಫೋಟೋ ಇಟ್ಕೊಂಡು ಮಾತಾಡ್ತೀವಿ ಅಂತ ನಿಮಗೆ ಗೊತ್ತು. ಈ ಸಲದ ಫೋಟೋಗಳು ಎರಡನೇ ಮಹಾಯುದ್ಧ ಮುಗಿದ ಹೊಸತರ ಕಾಲದ್ದು. ಮನೆ ಇಲ್ಲ, ಸಿಮೆಂಟ್ ಇಲ್ಲ, ಊಟಕ್ಕೆ ರೇಷನ್ ಚೀಟಿ. ಅಂಥ ಊರುಗಳಲ್ಲಿ ಮಕ್ಕಳ ಆಟಕ್ಕೆ ಜಾಗ, ಹೊತ್ತು, ಒಬ್ಬ ದೊಡ್ಡವರು, ಇಷ್ಟನ್ನು ಹುಡುಕಿ ಕೊಟ್ಟವರಿದ್ದರು. "ಮೊದಲು ಎಲ್ಲ ಕಟ್ಟಿ ಮುಗಿಸೋಣ, ಆಮೇಲೆ ಆಟ" ಅಂತ ಅವರು ಕಾಯಲಿಲ್ಲ. ಇದು ನನ್ನ ವಾದ. ಒಪ್ಪದವರು ಕೊನೇ ಪೋಸ್ಟ್‌ವರೆಗೂ ಬನ್ನಿ, ಅಲ್ಲಿ ಜಗಳ ಆಡೋಣ.

2/7

ನಿಮ್ಮ ಬೀದಿಯಲ್ಲಿ ಯಾರೋ ಮನೆ ಕಟ್ಟೋಕೆ ಒಂದು ಲೋಡ್ ಮರಳು ಸುರಿಸಿದ ದಿನ ನೆನಪಿದೆಯಾ? ಪಕ್ಕದಲ್ಲೇ ಪಾರ್ಕ್ ಇದ್ದರೂ ಸಂಜೆ ಎಲ್ಲ ಮಕ್ಕಳೂ ಮರಳಿನ ಮೇಲೇ. ಡೆನ್ಮಾರ್ಕಿನಲ್ಲಿ ಇದನ್ನು ಗಮನಿಸಿದ ಒಬ್ಬರಿದ್ದರು, ಸಿ. ಟಿ. ಸೋರೆನ್‌ಸನ್. ಪಾರ್ಕು, ತೋಟಗಳನ್ನು ವಿನ್ಯಾಸ ಮಾಡುವುದೇ ಅವರ ಕೆಲಸ. ತಾನು ಇಷ್ಟು ಚೆಂದ ಮಾಡಿಕೊಟ್ಟ ಆಟದ ಜಾಗ ಬಿಟ್ಟು ಮಕ್ಕಳು ಕಟ್ಟಡದ ಸೈಟು, ಗುಜರಿ ರಾಶಿ ಹುಡುಕಿಕೊಂಡು ಹೋಗೋದು ಯಾಕೆ ಅಂತ ಯೋಚಿಸಿದರು. ತಪ್ಪು ಮಕ್ಕಳದ್ದಲ್ಲ ಅಂತ ತೀರ್ಮಾನಿಸಿದರು ನೋಡಿ, ಅದಕ್ಕೇ ಅವರು ನನಗೆ ಇಷ್ಟ.

1943ರಲ್ಲಿ ಕೋಪನ್‌ಹೇಗನ್ ಹತ್ತಿರದ ಎಮ್‌ಡ್ರುಪ್‌ನಲ್ಲಿ, ದೇಶ ಇನ್ನೂ ಜರ್ಮನ್ ಸೈನ್ಯದ ಕೈಯಲ್ಲಿದ್ದಾಗಲೇ, ಅವರ ಯೋಚನೆಯ ಆಟದ ಜಾಗ ಶುರುವಾಯಿತು. ಉಯ್ಯಾಲೆ, ಜಾರುಬಂಡೆ ಯಾವುದೂ ಇಲ್ಲ. ಹಲಗೆ, ಇಟ್ಟಿಗೆ, ಹಳೇ ಟೈರು, ಸುತ್ತಿಗೆ, ಮೊಳೆ. ಮಕ್ಕಳೇ ಗುಡಿಸಲು ಕಟ್ಟೋದು, ಗುಂಡಿ ತೋಡೋದು, ಬೇಡ ಅನ್ನಿಸಿದರೆ ಕೆಡವೋದು. ಜೊತೆಗೆ ಜಾನ್ ಬರ್ಟೆಲ್‌ಸನ್ ಅನ್ನುವ ಒಬ್ಬರು. ಮೊದಲು ಹಡಗಿನಲ್ಲಿ ಕೆಲಸ ಮಾಡಿ, ಆಮೇಲೆ ಶಿಶುವಿಹಾರದ ಶಿಕ್ಷಕರಾಗಿ ತರಬೇತಿ ಪಡೆದವರು.

1946ರಲ್ಲಿ ಇಂಗ್ಲೆಂಡಿನ ಲೇಡಿ ಅಲೆನ್ ಎಮ್‌ಡ್ರುಪ್ ನೋಡಿದರು. ಅವರೂ ಉದ್ಯಾನ ವಿನ್ಯಾಸದವರೇ. ಆಗ ಲಂಡನ್ ಹೇಗಿತ್ತು ಅಂದುಕೊಂಡಿದ್ದೀರಿ? 1940ರ ಸೆಪ್ಟೆಂಬರ್‌ನಿಂದ 1941ರ ಮೇವರೆಗೆ ರಾತ್ರಿ ರಾತ್ರಿ ಬಾಂಬ್. ಯುದ್ಧ ಮುಗಿದಾಗ ಬೀದಿಗಳ ನಡುವೆ ಹಲ್ಲು ಬಿದ್ದ ಬಾಯಿಯ ಥರ ಖಾಲಿ ಜಾಗಗಳು. ಮಕ್ಕಳು ಅಲ್ಲಿ ಹೇಗೂ ಆಡ್ತಿದ್ದರು, ಬೈಸಿಕೊಂಡು, ಕದ್ದು. ಲೇಡಿ ಅಲೆನ್ ಮನೆಗೆ ಬಂದು ಪಿಕ್ಚರ್ ಪೋಸ್ಟ್ ಪತ್ರಿಕೆಯಲ್ಲಿ ಬರೆದರು. ಈ ಬಾಂಬ್ ಬಿದ್ದ ಜಾಗಗಳನ್ನೇ ಮಕ್ಕಳಿಗೆ ಯಾಕೆ ಕೊಡಬಾರದು ಅಂತ.

ಕೊಟ್ಟರು. 1948ರಲ್ಲಿ ಕ್ಯಾಂಬರ್‌ವೆಲ್‌ನಲ್ಲಿ, ಬಾಂಬ್‌ಗೆ ಹಾಳಾದ ಚರ್ಚಿನ ಜಾಗದಲ್ಲಿ ಮೊದಲನೆಯದು. ಅದು ಕೆಲವೇ ವರ್ಷ ನಡೆದು ಮುಚ್ಚಿತು ಅನ್ನೋದನ್ನೂ ಹೇಳಿಬಿಡ್ತೀನಿ. 1955ರಲ್ಲಿ ಲ್ಯಾಂಬೆತ್‌ನ ಲಾಲರ್ಡ್ ಸ್ಟ್ರೀಟಿನಲ್ಲಿ ಇನ್ನೊಂದು. ಆ ಜಾಗದಲ್ಲಿ ಮುಂಚೆ ಇದ್ದದ್ದು ಒಂದು ಸ್ಕೂಲು. ಸ್ಕೂಲು ಬಾಂಬ್‌ಗೆ ಹೋಯಿತು, ಅದೇ ನೆಲದಲ್ಲಿ ಮಕ್ಕಳು ಹಲಗೆ ಹೊತ್ತುಕೊಂಡು ಮನೆ ಕಟ್ಟಿದರು. "ಗುಜರಿ ಆಟದ ಮೈದಾನ" ಅನ್ನೋ ಹೆಸರಿಗೆ ದೊಡ್ಡವರು ಮೂಗು ಮುರಿದರು ಅಂತ ಆಮೇಲೆ "ಅಡ್ವೆಂಚರ್ ಪ್ಲೇಗ್ರೌಂಡ್" ಅಂತ ಕರೆದರು. ಹೆಸರು ಬದಲಾದರೆ ದೊಡ್ಡವರು ಬೇಗ ಒಪ್ಪುತ್ತಾರೆ, ಎಲ್ಲ ಊರಲ್ಲೂ.

3/7

ಈಗ ಆಮ್‌ಸ್ಟರ್‌ಡ್ಯಾಮ್. ಆನ್ ಫ್ರ್ಯಾಂಕ್ ಅಡಗಿದ್ದ ಊರು ಅಂದ್ರೆ ಎಲ್ಲರಿಗೂ ಗೊತ್ತಾಗುತ್ತೆ.

ಈ ಭಾಗವನ್ನು ನಿಧಾನವಾಗಿ ಓದಿ. ಆ ಊರಿನ ಹಳೇ ಯಹೂದಿ ಕೇರಿಯಲ್ಲಿ ನಾಜಿಗಳು ಜನರನ್ನು ಹಿಡಿದು ರೈಲಿಗೆ ತುಂಬಿ ಕಳಿಸಿದ ಮೇಲೆ ಸಾಲು ಸಾಲು ಮನೆಗಳು ಖಾಲಿ ಬಿದ್ದವು. ಬಹುಪಾಲು ಜನ ವಾಪಸ್ ಬರಲೇ ಇಲ್ಲ. 1944–45ರ ಚಳಿಗಾಲದಲ್ಲಿ ಊರಿಗೆ ಊಟವೂ ಇಲ್ಲ, ಸೌದೆ ಕಲ್ಲಿದ್ದಲೂ ಇಲ್ಲ. ಉಳಿದವರು ಆ ಖಾಲಿ ಮನೆಗಳ ತೊಲೆ, ಬಾಗಿಲು, ಮೆಟ್ಟಿಲು ಕಿತ್ತು ಒಲೆಗೆ ಹಾಕಿದರು. ತೊಲೆ ಹೋದ ಮನೆ ನಿಲ್ಲುತ್ತಾ? ಕುಸಿದವು. ಯುದ್ಧ ಮುಗಿದಾಗ ಅಲ್ಲೂ ಬೀದಿ ಬೀದಿಯಲ್ಲಿ ಖಾಲಿ ಸೈಟು, ಕಸ, ಕಲ್ಲು.

1946ರಲ್ಲಿ ಆಲ್ಡೋ ವಾನ್ ಐಕ್ ಅನ್ನುವ ಹುಡುಗ ನಗರಪಾಲಿಕೆಯ ಲೋಕೋಪಯೋಗಿ ಇಲಾಖೆ ಸೇರಿದ. ವಯಸ್ಸು ಇಪ್ಪತ್ತೆಂಟು. ಹುಡುಗ ಅಂತ ನಾನು ಕರೆದೆ, ಆಮೇಲೆ ದೊಡ್ಡ ವಾಸ್ತುಶಿಲ್ಪಿ ಆದವರು, ಇನ್ಮುಂದೆ ಗೌರವ ಕೊಡ್ತೀನಿ. 1947ರಲ್ಲಿ ಬರ್ಟೆಲ್‌ಮನ್‌ಪ್ಲೇನ್ ಅನ್ನೋ ಸಣ್ಣ ಚೌಕದಲ್ಲಿ ಮೊದಲ ಆಟದ ಜಾಗ ಮಾಡಿದರು. ಏನಿತ್ತು ಅದರಲ್ಲಿ? ಅಗಲ ಅಂಚಿನ ಕಾಂಕ್ರೀಟ್ ಮರಳುಗುಂಡಿ, ಅದರೊಳಗೆ ನಾಲ್ಕು ದುಂಡು ಕಲ್ಲು, ಜೋತುಬಿದ್ದು ಪಲ್ಟಿ ಹೊಡೆಯಲು ಕಬ್ಬಿಣದ ಕಂಬಿಗಳು, ಕೂರಲು ಬೆಂಚು. ಅಷ್ಟೆ. ಆನೆ, ಜಿರಾಫೆ, ಮಿಕ್ಕಿ ಮೌಸ್ ಬೊಂಬೆ ಏನೂ ಇಲ್ಲ. ಕಲ್ಲು ಕಲ್ಲೇ. ಅದನ್ನು ಹಡಗು ಮಾಡೋದು, ಅಂಗಡಿ ಮಾಡೋದು ಮಕ್ಕಳಿಗೆ ಬಿಟ್ಟದ್ದು.

ಇದಾದ ಮೇಲೆ ನಡೆದದ್ದು ನನಗೆ ತುಂಬ ಇಷ್ಟ. ಬೇರೆ ಬಡಾವಣೆಯವರು "ನಮಗೂ ಒಂದು ಮಾಡಿಕೊಡಿ" ಅಂತ ಪಾಲಿಕೆಗೆ ಪತ್ರ ಬರೆಯೋಕೆ ಶುರು ಮಾಡಿದರು. ಪಾಲಿಕೆ ಹೋಗಿ ಆ ಬೀದಿಯಲ್ಲಿ ಯಾವ ಜಾಗ ಬಿದ್ದಿದೆ ನೋಡೋದು, ವಾನ್ ಐಕ್ ಆ ಜಾಗದ ಆಕಾರಕ್ಕೆ ತಕ್ಕಂತೆ ನಕ್ಷೆ ಬರೆಯೋದು. 1978ರ ಹೊತ್ತಿಗೆ ಹೀಗೆ 700ಕ್ಕೂ ಹೆಚ್ಚು. ಒಂದೇ ಊರಲ್ಲಿ! ಬಹಳಷ್ಟಕ್ಕೆ ಬೇಲಿ ಇರಲಿಲ್ಲ, ಗೇಟ್ ಇರಲಿಲ್ಲ, "ಒಳಗೆ ಪ್ರವೇಶವಿಲ್ಲ" ಅನ್ನೋ ಬೋರ್ಡೂ ಇಲ್ಲ.

ಇಲ್ಲಿರುವ ಜೋಡಿ ಫೋಟೋ ಡೈಕ್‌ಸ್ಟ್ರಾಟ್ ಅನ್ನೋ ಇಕ್ಕಟ್ಟು ಬೀದಿಯದು, 1954. ಎಡಗಡೆ ಎರಡು ಮನೆಗಳ ನಡುವೆ ಬಿದ್ದ ಹಾಳು ಸೈಟು. ಬಲಗಡೆ ಅದೇ ಸೈಟು, ಆಟದ ಜಾಗವಾಗಿ. ನಮ್ಮ ಸ್ಕೂಲಿನ ಸೈಕಲ್ ಸ್ಟ್ಯಾಂಡ್ ಪಕ್ಕ ಮುರಿದ ಬೆಂಚುಗಳನ್ನು ರಾಶಿ ಹಾಕಿದ್ದಾರಲ್ಲ, ಆ ಮೂಲೆ ನೆನಪಾಯಿತು. "ನಮ್ಮಲ್ಲಿ ಜಾಗ ಎಲ್ಲಿದೆ" ಅನ್ನೋ ಮಾತು ಕೇಳಿದಾಗೆಲ್ಲ ಇನ್ನು ಮುಂದೆ ನನಗೆ ಈ ಫೋಟೋ ಕಣ್ಣಿಗೆ ಬರುತ್ತೆ.

4/7

"ಇದೆಲ್ಲ ಬೀದಿ ಆಟ. ಸ್ಕೂಲಿಗೂ ಪಿಟಿಗೂ ಏನು ಸಂಬಂಧ?" ಅಂತ ಕೇಳೋರಿಗೆ ಈ ಪೋಸ್ಟು.

ಸ್ಕೂಲಿನ ಪಿಟಿ ಹುಟ್ಟಿದ ಕಥೆ ಅಷ್ಟೇನೂ ಮುದ್ದಾಗಿಲ್ಲ. ಬ್ರಿಟನ್ ತಗೊಳ್ಳಿ. 1899ರಿಂದ 1902ರವರೆಗೆ ದಕ್ಷಿಣ ಆಫ್ರಿಕಾದಲ್ಲಿ ಬೋಯರ್ ಯುದ್ಧ. ಸೈನ್ಯಕ್ಕೆ ಸೇರಲು ಬಂದ ಬಡವರ ಮಕ್ಕಳಲ್ಲಿ ಎಷ್ಟೋ ಜನ ಮೈಯಲ್ಲಿ ಶಕ್ತಿ ಇಲ್ಲದೆ ತಿರಸ್ಕೃತರಾದರು. ಸರ್ಕಾರಕ್ಕೆ ಗಾಬರಿ. 1902ರಲ್ಲಿ ಸ್ಕೂಲುಗಳಿಗೆ ಒಂದು ಮಾದರಿ ಪಾಠಕ್ರಮ ಬಂತು, ಯುದ್ಧ ಕಚೇರಿಯ ಕೈವಾಡದಲ್ಲಿ ತಯಾರಾದದ್ದು. ಪುಟ್ಟ ಮಕ್ಕಳಿಗೂ ಸಿಪಾಯಿ ಕವಾಯತು. ಟೀಕೆ ಬಂದು ಎರಡೇ ವರ್ಷದಲ್ಲಿ ಅದನ್ನು ಬದಲಾಯಿಸಿದರು. ಆದರೂ ಸಾಲಾಗಿ ನಿಲ್ಲು, ಕೈ ಮೇಲೆತ್ತು, ಎಣಿಕೆಗೆ ಸರಿಯಾಗಿ ಬಗ್ಗು ಅನ್ನೋ ಪದ್ಧತಿ ದಶಕಗಟ್ಟಲೆ ಉಳಿಯಿತು. ಸಾವಧಾನ್, ವಿಶ್ರಾಮ್. ಗೊತ್ತಾಯ್ತಲ್ಲ, ನಮ್ಮ ಪ್ರೇಯರ್ ಸಾಲಿಗೆ ಯಾರ ಗಾಳಿ ಬೀಸಿದೆ ಅಂತ.

1944ರಲ್ಲಿ, ಯುದ್ಧ ಇನ್ನೂ ನಡೀತಿದ್ದಾಗಲೇ ಬ್ರಿಟನ್ ಹೊಸ ಶಿಕ್ಷಣ ಕಾಯ್ದೆ ಮಾಡಿತು. ಅದರ 53ನೇ ಸೆಕ್ಷನ್ ಓದಿ ನಾನು ಎರಡು ಸಲ ಕಣ್ಣುಜ್ಜಿಕೊಂಡೆ. ಮಕ್ಕಳ ಆಟಪಾಟ, ದೈಹಿಕ ಶಿಕ್ಷಣಕ್ಕೆ ಸಾಕಷ್ಟು ಸೌಕರ್ಯ ಕಲ್ಪಿಸುವುದು ಪ್ರತಿ ಸ್ಥಳೀಯ ಶಿಕ್ಷಣ ಆಡಳಿತದ ಕರ್ತವ್ಯ. ಅದಕ್ಕಾಗಿ ಕ್ಯಾಂಪು, ಆಟದ ಮೈದಾನ, ಈಜುಕೊಳ, ರಜೆಯ ತರಗತಿ ನಡೆಸಬಹುದು. "ಸಾಧ್ಯವಾದರೆ ಮಾಡಿ" ಅಂತ ಇಲ್ಲ. ಕರ್ತವ್ಯ ಅಂತ ಇದೆ. ಕಾಯ್ದೆ ಬಂದ ಕೂಡಲೇ ಎಲ್ಲ ಸ್ಕೂಲಿಗೂ ಮೈದಾನ ಸಿಕ್ಕಿತು ಅಂತ ಅಲ್ಲ. ರೇಷನ್ ಅಂತೂ 1954ರವರೆಗೂ ಎಳೆಯಿತು. ಆದರೆ 1946ರಿಂದ ಸ್ಕೂಲ್ ಮಕ್ಕಳಿಗೆ ದಿನಾ ಹಾಲು ಪುಕ್ಕಟೆ ಕೊಟ್ಟರು. ದುಡ್ಡು ಕಡಿಮೆ ಇದ್ದಾಗ ಯಾರ ತಟ್ಟೆ ಮೊದಲು ಅಂತ ತೀರ್ಮಾನ ಮಾಡಿದ್ದು ಇದರಲ್ಲಿ ಕಾಣುತ್ತೆ.

ಇನ್ನೊಂದು ಸಣ್ಣ ಕಡತದ ಬದಲಾವಣೆ. ಅದುವರೆಗೆ ಸ್ಕೂಲ್ ವ್ಯಾಯಾಮ ವೈದ್ಯಾಧಿಕಾರಿಯ ವಿಭಾಗದ ಕೆಳಗಿತ್ತು, ಔಷಧಿ ಥರ. 1945ರಲ್ಲಿ ಅದನ್ನು ಉಳಿದ ಪಾಠಗಳ ಇನ್‌ಸ್ಪೆಕ್ಟರ್‌ಗಳ ಕಡೆ ತಂದರು. ಅಂದರೆ ಗಣಿತ, ಇಂಗ್ಲಿಷ್ ಜೊತೆ ಅದೂ ಒಂದು ಪಾಠ ಆಯಿತು. ಬೋರ್ ಅನ್ನಿಸಬಹುದು, ಆದರೆ ನನ್ನ ಇಡೀ ಜಗಳ ಇಲ್ಲೇ ಇರೋದು.

ಆಮೇಲೆ ಒಂದು ತಮಾಷೆ. ಯುದ್ಧದಲ್ಲಿ ಕಮಾಂಡೋಗಳಿಗೆ ತರಬೇತಿ ಕೊಡಲು ಹಗ್ಗದ ಬಲೆ, ಏಣಿ, ಹತ್ತುವ ಚೌಕಟ್ಟು ಬಳಸ್ತಿದ್ರಲ್ಲ, ಅಂಥವೇ ಯುದ್ಧದ ನಂತರ ಪ್ರಾಥಮಿಕ ಶಾಲೆಗಳಿಗೆ ಬಂದವು. ನಿಮಗೆ ಅನ್ನಿಸಬಹುದು, ಮತ್ತೆ ಸೈನ್ಯದ ಕಡೆಗೇ ಹೋದರು ಅಂತ. ನಡೆದದ್ದು ಉಲ್ಟಾ. ಬಲೆ ಕೊಟ್ಟ ಮೇಲೆ ಮಕ್ಕಳಿಗೆ "ಒಂದು, ಎರಡು, ಮೂರು" ಅಂತ ಹೇಳಿಕೊಡೋಕೆ ಆಗೋಲ್ಲ. ಒಬ್ಬಳು ಕೆಳಗಿಂದ ನುಸೀತಾಳೆ, ಇನ್ನೊಬ್ಬ ಪಕ್ಕದಿಂದ ಹತ್ತುತಾನೆ, ಹೆದರುವವರು ಎರಡು ಮೆಟ್ಟಿಲಿಗೆ ನಿಲ್ತಾರೆ, ನಾಳೆ ಮೂರಕ್ಕೆ ಹೋಗ್ತಾರೆ. 1952ರಲ್ಲಿ ಶಿಕ್ಷಣ ಮಂತ್ರಾಲಯ ಟೀಚರ್‌ಗಳಿಗೆ ಹೊಸ ಪುಸ್ತಕ ಹೊರಡಿಸಿತು, ಚಲನೆ ಮತ್ತು ಬೆಳವಣಿಗೆ ಅನ್ನೋ ಅರ್ಥದ ಹೆಸರು. ಹಳೇ ಪುಸ್ತಕದಲ್ಲಿ ವ್ಯಾಯಾಮದ ಕೋಷ್ಟಕಗಳಿದ್ದವು. ಹೊಸದರಲ್ಲಿ ಮಗು ತಾನೇ ದಾರಿ ಹುಡುಕೋದನ್ನು ಗಮನಿಸಿ ಅನ್ನೋ ಧೋರಣೆ.

ಇದರಿಂದ ಯಾರಿಗೆ ಲಾಭ ಆಯಿತು ಗೊತ್ತಾ? ನನ್ನಂಥವರಿಗೆ. ಲಾಂಗ್ ಜಂಪಲ್ಲಿ ಕೊನೆ, ಓಟದಲ್ಲಿ ಕೊನೆ, ಖೋಖೋ ಟೀಮಿಗೆ ಯಾರೂ ಕರೆಯದವರಿಗೆ. ನಿಜ ಹೇಳಬೇಕಂದ್ರೆ ನಾನು ಗಣಿತದ ಸರ್‌ನ ಕರೆಯೋಕೆ ಹೋದದ್ದಕ್ಕೆ ಅದೂ ಒಂದು ಕಾರಣ. ಪಿಟಿ ಅಂದ್ರೆ ನಾಲ್ಕು ಜನ ಆಡೋದು, ಮೂವತ್ತು ಜನ ನೆರಳಲ್ಲಿ ಕೂರೋದು ಅಂತ ಇತ್ತು. ಅಂಥ ಪೀರಿಯಡ್ ಬಿಟ್ಟುಕೊಟ್ಟರೆ ನಷ್ಟ ಏನು ಅನ್ನಿಸಿತ್ತು. ನನ್ನ ಕೈಗೆ ಒಂದು ಹಗ್ಗದ ಬಲೆ ಸಿಕ್ಕಿದ್ದರೆ ಬಹುಶಃ ಆ ಗುರುವಾರ ನಾನು ಸ್ಟಾಫ್ ರೂಮಿಗೆ ಹೋಗ್ತಿರಲಿಲ್ಲ.

5/7

ಇದು ಚಿಕ್ಕ ಪೋಸ್ಟ್, ಫೋಟೋ ಚೆನ್ನಾಗಿದೆ ಅಂತ ಹಾಕಿದ್ದು.

ಇಂಗ್ಲೆಂಡಿನ ಸರೀ ಪ್ರಾಂತ್ಯ, ಸೇಯರ್ಸ್ ಕ್ರಾಫ್ಟ್. 1939ರ ಕ್ಯಾಂಪ್ ಕಾಯ್ದೆ ಅಡಿ ಹಳ್ಳಿಗಾಡಿನಲ್ಲಿ ಕಟ್ಟಿದ ಮರದ ಕ್ಯಾಂಪುಗಳಲ್ಲಿ ಒಂದು. ಶಾಂತಿ ಕಾಲದಲ್ಲಿ ಊರ ಮಕ್ಕಳು ಬಂದು ಇದ್ದು ಹೋಗಲಿ, ಯುದ್ಧ ಬಂದರೆ ಮಕ್ಕಳನ್ನು ಇಲ್ಲಿಗೆ ಸಾಗಿಸೋಣ ಅಂತ ಲೆಕ್ಕ. ಯುದ್ಧವೇ ಬಂತು. 1940ರಲ್ಲಿ ಲಂಡನ್ನಿನ ಕ್ಯಾಟ್‌ಫರ್ಡ್‌ನ ಒಂದು ಹುಡುಗರ ಸ್ಕೂಲು ಇಡಿಯಾಗಿ ಇಲ್ಲಿಗೆ ಬಂತು, ಯುದ್ಧ ಮುಗಿಯುವವರೆಗೂ ಇತ್ತು. ಊಟದ ಹಾಲಿನ ಗೋಡೆ ಮೇಲೆ ಆ ಹುಡುಗರು ಬರೆದ ಚಿತ್ರಗಳಿವೆ. ಯುದ್ಧ ಮುಗಿದ ಮೇಲೆ ಕ್ಯಾಂಪನ್ನು ಒಡೆದು ಸೌದೆ ಮಾಡಬಹುದಿತ್ತು. ಮಾಡಲಿಲ್ಲ. ಸ್ಕೂಲ್ ಮಕ್ಕಳು ಬಂದು ಕಾಡು, ಹೊಳೆ, ಹುಳಹುಪ್ಪಟೆ ನೋಡಿ ಕಲಿಯುವ ಜಾಗವಾಗಿ ಅದು ಮುಂದುವರಿಯಿತು.

ಡರ್ಬಿಶೈರ್‌ನಲ್ಲಿ ಶಿಕ್ಷಣ ನಿರ್ದೇಶಕರಾಗಿದ್ದ ಜ್ಯಾಕ್ ಲಾಂಗ್‌ಲ್ಯಾಂಡ್ 1933ರ ಎವರೆಸ್ಟ್ ಯಾತ್ರೆಗೆ ಹೋಗಿ ಬಂದ ಪರ್ವತಾರೋಹಿ. 1950ರ ದಶಕದ ಶುರುವಿನಲ್ಲಿ ಅವರ ಕಾಲದಲ್ಲೇ ವೈಟ್ ಹಾಲ್ ಅನ್ನುವ ಹೊರಾಂಗಣ ಕೇಂದ್ರ ಆರಂಭವಾಯಿತು. ಸ್ಥಳೀಯ ಶಿಕ್ಷಣ ಆಡಳಿತವೇ ನಡೆಸಿದ ಅಂಥ ಮೊದಲ ಕೇಂದ್ರ ಅದು. ಬೆಟ್ಟ ಹತ್ತೋದು, ನಕ್ಷೆ ಹಿಡಿದು ನಡೆಯೋದು ದುಡ್ಡಿದ್ದವರ ಹವ್ಯಾಸವಾಗಿತ್ತು. ಅದು ಸಾಮಾನ್ಯ ಸ್ಕೂಲಿನ ಮಕ್ಕಳಿಗೂ ಸಿಗುವಂತಾಯಿತು. ಬಿಇಒ ಆಫೀಸಿನಲ್ಲಿ ಒಬ್ಬ ಟ್ರೆಕ್ಕಿಂಗ್ ಹುಚ್ಚಿನವರು ಕೂತಿದ್ದಾರೆ ಅಂತ ಊಹೆ ಮಾಡಿಕೊಳ್ಳಿ.

6/7

ಗೆದ್ದವರ ಕಥೆ ಆಯಿತು. ಸೋತವರದ್ದೂ ನೋಡಬೇಕು, ಇಲ್ಲಾಂದ್ರೆ ಅರ್ಧ ಸತ್ಯ.

ಜಪಾನ್. ಯುದ್ಧದ ಕಾಲದಲ್ಲಿ ಅಲ್ಲಿ ದೈಹಿಕ ಶಿಕ್ಷಣದ ಹೆಸರನ್ನೇ ಬದಲಿಸಿ, 1941ರಿಂದ "ತೈರೆನ್‌ಕಾ" ಅಂದರು. ದೇಹ ಪಳಗಿಸುವ ವಿಷಯ ಅನ್ನೋ ಅರ್ಥ. ಕತ್ತಿವರಸೆ, ಕವಾಯತು. ಊಟಕ್ಕೆ ಕಷ್ಟ ಆದಮೇಲೆ ಸ್ಕೂಲ್ ಮೈದಾನಗಳನ್ನು ಅಗೆದು ಗೆಣಸು ಬೆಳೆದರು. ಮಕ್ಕಳೇ ಅಗೆದದ್ದು. ಆ ಫೋಟೋ ನೋಡಿದರೆ, ಆಟದ ನೆಲ ಹೋಗಿ ಗೆಣಸಿನ ಏರಿಗಳು ಸಾಲು ಸಾಲು.

1945ರ ಆಗಸ್ಟಿನಲ್ಲಿ ಸೋಲು. ಊರುಗಳು ಸುಟ್ಟಿದ್ದವು, ಸ್ಕೂಲ್ ಕಟ್ಟಡಗಳೂ. ಹಾಗಂತ ಸ್ಕೂಲ್ ನಿಲ್ಲಲಿಲ್ಲ, ಬೂದಿಯ ನಡುವೆ ಬಯಲಲ್ಲೇ ಪಾಠ ಶುರುವಾಯಿತು. "ಆವೊಝೋರಾ ಕ್ಯೋಷಿತ್ಸು" ಅಂತಾರೆ, ನೀಲಿ ಆಕಾಶದ ತರಗತಿ. ಹೆಸರು ಚೆಂದ ಇದೆ, ಅನುಭವ ಚೆಂದ ಇರಲಿಲ್ಲ. ಮಳೆ ಬಂದರೆ ರಜೆ, ಚಳಿಗೆ ನಡುಗೋದು, ಹೊಟ್ಟೆ ಖಾಲಿ. ಹೊರಗಡೆ ಪಾಠ ಮಾಡೋದೆಲ್ಲ ಒಳ್ಳೇದು ಅಂತ ರೀಲ್ಸ್ ಮಾಡೋರು ಇದನ್ನು ನೆನಪಿಡಬೇಕು. ಹೊರಗೆ ಇರುವುದು ಮಗುವಿನ ಆಯ್ಕೆಯಾ, ಗತಿ ಇಲ್ಲದ್ದಕ್ಕಾ ಅನ್ನೋದರಲ್ಲಿ ವ್ಯತ್ಯಾಸ ಇದೆ.

ಹೊಸ ಆಡಳಿತ ಸ್ಕೂಲಿನಿಂದ ಸೈನಿಕ ಕವಾಯತು ತೆಗೆಯಿತು, ಜೂಡೋ, ಕೆಂಡೋ ನಿಲ್ಲಿಸಿತು. ಪಠ್ಯಪುಸ್ತಕದ ಯುದ್ಧದ ಸಾಲುಗಳ ಮೇಲೆ ಮಕ್ಕಳ ಕೈಯಿಂದಲೇ ಮಸಿ ಬಳಿಸಿದರು. ಆದರೆ ದೈಹಿಕ ಶಿಕ್ಷಣದ ಮೇಲೆ ಮಸಿ ಬಳಿದು ಬಿಟ್ಟುಬಿಡಲಿಲ್ಲ. 1947ರಲ್ಲಿ "ತೈಇಕು" ಅನ್ನೋ ಹೆಸರಿನಲ್ಲಿ ಹೊಸ ಮಾರ್ಗದರ್ಶಿಯೊಂದಿಗೆ ವಾಪಸ್ ತಂದರು. ಅದರಲ್ಲಿ ಆಟ, ಕ್ರೀಡೆಗೆ ಹೆಚ್ಚು ಜಾಗ. ರೇಡಿಯೋ ಹಾಕಿಕೊಂಡು ಎಲ್ಲರೂ ಮಾಡುವ ವ್ಯಾಯಾಮ 1928ರಿಂದ ಇದ್ದದ್ದು, ಯುದ್ಧಾನಂತರ ನಿಂತುಹೋಗಿ 1951ರಲ್ಲಿ ಹೊಸ ರೂಪದಲ್ಲಿ ಮತ್ತೆ ಬಂತು. ಅಷ್ಟು ದುರ್ಬಳಕೆಯಾದ ವಿಷಯವನ್ನು "ಸಾಕಪ್ಪ ಇದರ ಸಹವಾಸ" ಅಂತ ಕೈಬಿಡೋದು ಸುಲಭವಿತ್ತು. ಮಕ್ಕಳಿಗೆ ಮೈ ಇದೆಯಲ್ಲ, ಅದನ್ನು ಎಲ್ಲಿ ಕೈಬಿಡೋದು?

7/7

ಈಗ ಜಗಳಕ್ಕೆ ಬನ್ನಿ.

"ಅವರದ್ದು ಯುದ್ಧದ ದೇಶ, ನಮ್ಮದು ಎಸ್ಸೆಸ್ಸೆಲ್ಸಿ." ಹೌದು, ಹೋಲಿಕೆ ಪೂರ್ತಿ ಸರಿಹೋಗಲ್ಲ. ಆದರೆ ತರ್ಕ ನೋಡಿ. ನಮ್ಮಲ್ಲಿ ಏನಾದರೂ ಕಡಿಮೆ ಬಿದ್ದಾಗ, ಕೋಣೆ ಆಗಲಿ, ಟೀಚರ್ ಆಗಲಿ, ದಿನ ಆಗಲಿ, ಮೊದಲು ಕತ್ತರಿ ಬೀಳೋದು ಪಿಟಿಗೆ. ಅಲ್ಲಿ ನಮಗಿಂತ ಎಷ್ಟೋ ಪಟ್ಟು ಕಡಿಮೆ ಇತ್ತು.

"ಮಾರ್ಕ್ಸ್ ಬರಲ್ಲ." ಆ ಗುರುವಾರಗಳಿಂದ ನನಗೆ ಎಷ್ಟು ಮಾರ್ಕ್ಸ್ ಹೆಚ್ಚು ಬಂತು ಅಂತ ನಾನು ಹೇಳಲಾರೆ, ಆ ಸರ್ ಕೂಡ ಹೇಳಲಾರರು. ಕೊನೇ ಪೀರಿಯಡ್‌ನಲ್ಲಿ ಅರ್ಧ ಕ್ಲಾಸು ತೂಕಡಿಸ್ತಿದ್ದದ್ದು ಮಾತ್ರ ನೆನಪಿದೆ. ಸರ್ ಕೂಡ ಪಾಪ, ಸುಸ್ತಾಗಿದ್ರು.

"ಸ್ಕೂಲಲ್ಲಿ ಸಾಮಾನೇ ಇಲ್ಲ, ಪಿಟಿ ಸರ್ ಬೇರೆ ಕೆಲಸದಲ್ಲಿ ಇರ್ತಾರೆ." ಇದು ನಿಜವಾದ ತೊಂದರೆ, ಒಪ್ತೀನಿ. ನಮ್ಮ ಪಿಟಿ ಸರ್ ಬಿಸಿಯೂಟದ ಲೆಕ್ಕ, ಪ್ರೇಯರ್, ಗಲಾಟೆ ಮಾಡಿದವರಿಗೆ ಬೈಯೋದು, ಎಲ್ಲ ಮಾಡ್ತಿದ್ರು, ಆಟ ಒಂದು ಬಿಟ್ಟು. ಅದು ಅವರ ತಪ್ಪು ಅಂತ ನನಗೆ ಈಗ ಅನ್ನಿಸಲ್ಲ. ಸಾಮಾನಿನ ಮಾತಿಗೆ ಉತ್ತರ ಎಮ್‌ಡ್ರುಪ್‌ನಲ್ಲಿದೆ. ಲಗೋರಿಗೆ ಏಳು ಬಿಲ್ಲೆ, ಒಂದು ಚೆಂಡು ಸಾಕು. ಕುಂಟೆಬಿಲ್ಲೆಗೆ ಒಂದು ಹೆಂಚಿನ ಚೂರು. ಮೂವತ್ತು ಜನ ಕೂರೋ ಬದಲು ಆರು ಗುಂಪು ಮಾಡಿದರೆ ನನ್ನಂಥವಳಿಗೂ ಕೈಗೆ ಚೆಂಡು ಬರುತ್ತೆ.

ಕಾಯ್ದೆ ಬೇಕಾ? ಅದೂ ನಮ್ಮಲ್ಲಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ತೆಗೆದು ನೋಡಿ, ಶಾಲೆಗೆ ಏನೇನು ಇರಬೇಕು ಅನ್ನೋ ಪಟ್ಟಿಯಲ್ಲಿ ಆಟದ ಮೈದಾನವೂ ಇದೆ, ಆಟದ ಸಾಮಗ್ರಿಯೂ ಇದೆ. ಕುಡಿಯುವ ನೀರು, ಶೌಚಾಲಯ ಇರುವ ಅದೇ ಪಟ್ಟಿ. ಕುಡಿಯುವ ನೀರನ್ನು ಯಾರಾದರೂ ಗಣಿತಕ್ಕೆ ಸಾಲ ಕೊಡ್ತಾರಾ?

ಈ ಶನಿವಾರ ಮಧ್ಯಾಹ್ನ ಸ್ಕೂಲಲ್ಲಿ ಪೋಷಕರ ಸಭೆ ಇದೆ. ಅಪ್ಪನಿಗೆ ಡ್ಯೂಟಿ, ಅಮ್ಮನ ಜೊತೆ ನಾನು ಹೋಗ್ತಿದ್ದೀನಿ. ಒಂಬತ್ತನೇ ಕ್ಲಾಸಿನ ಟೈಮ್‌ಟೇಬಲ್ ಫೋಟೋ ತಮ್ಮನ ಕೈಲಿ ತೆಗೆಸಿಟ್ಟಿದ್ದೀನಿ. ಆ ಚೌಕದಲ್ಲಿ ಏನು ಬರೆದಿದೆ, ಏನು ನಡೀತಿದೆ ಅಂತ ಎರಡೇ ಪ್ರಶ್ನೆ ಕೇಳ್ತೀನಿ. ಆಮೇಲೆ ಸೈಕಲ್ ಸ್ಟ್ಯಾಂಡ್ ಪಕ್ಕದ ಮೂಲೆಯ ಮುರಿದ ಬೆಂಚುಗಳನ್ನು ಎತ್ತಿಸೋಕೆ ಅನುಮತಿ ಕೇಳಬೇಕು. ಅದಕ್ಕೆ ಕೈ ಬೇಕು. ಹಿಂದಿನ ಬೆಂಚಿನವರೇ, ನಾಲ್ಕು ವರ್ಷದ ಹಿಂದೆ ಮಾತು ಬಿಟ್ಟಿದ್ರಲ್ಲ, ಮೂರು ಗಂಟೆಗೆ ಗೇಟ್ ಹತ್ತಿರ ಬನ್ನಿ. ಹಳೇ ಬಟ್ಟೆ ಹಾಕ್ಕೊಂಡು ಬನ್ನಿ, ಧೂಳು ಜಾಸ್ತಿ ಇದೆ.